ನರ್ಸಿಂಗ್ ಮುಗಿಸಿದ ಮೇಲೆ ಮುಂದಿನ ಮೆಟ್ಟಿಲು ಯಾವುದು? ಕಲಬುರಗಿ, ಬೀದರ್, ಯಾದಗಿರಿಯವರಿಗೊಂದು ಹೋಲಿಕೆ

ಹದಿನೆಂಟು ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ಈಗ ಕಲಬುರಗಿಯಲ್ಲಿ ನರ್ಸಿಂಗ್ ಪಾಠ ಹೇಳುವ ನನಗೆ ಹಳೆಯ ವಿದ್ಯಾರ್ಥಿನಿಯರಿಂದ ಬರುವ ಕರೆಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆಯವು: "ಮೇಡಂ, ಮುಂದ ಏನ್ ಓದ್ಲಿ?" ಈ ತಿಂಗಳು ಬಂದ ಮೂರು ಕರೆಗಳು ಈ ಬರಹಕ್ಕೆ ಕಾರಣ. ಮೊದಲನೆಯವಳು ಶಹಾಪುರದವಳು, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಆರು ವರ್ಷದಿಂದ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ದುಡಿಯುತ್ತಿದ್ದಾಳೆ. ಎರಡನೆಯವಳು ಔರಾದ ಕಡೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ಐಸಿಯುನಲ್ಲಿ ಇದ್ದಾಳೆ, ಮದುವೆಯ ಮಾತು ನಡೆದಿದೆ. ಮೂರನೆಯವರು ತಾಲ್ಲೂಕು ಆಸ್ಪತ್ರೆಯೊಂದರ ಕಾಯಂ ಶುಶ್ರೂಷಾಧಿಕಾರಿ. ಹೆರಿಗೆ ಕೋಣೆಯಲ್ಲಿ ಒಂಬತ್ತು ವರ್ಷ ಕಳೆದವರು. ಮೂವರಿಗೂ ಒಂದೇ ಉತ್ತರ ಕೊಡಲು ನನಗೆ ಆಗಲಿಲ್ಲ.

ಕೋರ್ಸ್‌ಗಳ ಹೆಸರುಗಳೇ ಗೊಂದಲದ ಮೂಲ. ಸಮುದಾಯ ಆರೋಗ್ಯ ಅಧಿಕಾರಿ, ಮಿಡ್‌ವೈಫರಿಯ (ಹೆರಿಗೆ ಆರೈಕೆಯ) ನರ್ಸ್ ಪ್ರಾಕ್ಟೀಷನರ್, ಕ್ರಿಟಿಕಲ್ ಕೇರ್‌ನ (ಗಂಭೀರ ರೋಗಿಗಳ ಆರೈಕೆಯ) ನರ್ಸ್ ಪ್ರಾಕ್ಟೀಷನರ್, ಪೋಸ್ಟ್ ಬೇಸಿಕ್ ಡಿಪ್ಲೊಮಾ, ಎಂಎಸ್ಸಿ ಎಂಬ ಐದೂ "ಮೇಲಿನ ದರ್ಜೆಯ ನರ್ಸಿಂಗ್" ಎಂದೇ ಮಾರಾಟವಾಗುತ್ತವೆ. ಆದರೆ ಅವುಗಳ ಹುಟ್ಟು ಬೇರೆ, ಅಧಿಕಾರ ಬೇರೆ, ಕೊನೆಗೆ ಸಿಗುವ ಕುರ್ಚಿಯೂ ಬೇರೆ. ನರ್ಸ್ ಪ್ರಾಕ್ಟೀಷನರ್, ಅಂದರೆ ಹೆಚ್ಚಿನ ತರಬೇತಿ ಪಡೆದು ಚಿಕಿತ್ಸೆಯ ಕೆಲವು ನಿರ್ಧಾರಗಳನ್ನು ತಾನೇ ತೆಗೆದುಕೊಳ್ಳುವ ನರ್ಸ್, ಎಂಬ ಕಲ್ಪನೆ ಅಮೆರಿಕದ ಕೊಲರಾಡೊದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಆರಂಭಿಸಿದ ತರಬೇತಿಯಿಂದ ಬಂದದ್ದು. ವೈದ್ಯರಿಲ್ಲದ ಕಡೆಯ ಮಕ್ಕಳಿಗೂ ಚಿಕಿತ್ಸೆ ಸಿಗಲಿ ಎಂಬುದೇ ಅದರ ಉದ್ದೇಶವಾಗಿತ್ತು. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಇಂಥ ಹುದ್ದೆಗೆ ಸ್ನಾತಕೋತ್ತರ ಪದವಿ ಇರಬೇಕು. ಆ ಅಳತೆಗೋಲು ಹಿಡಿದರೆ ನಮ್ಮ ಐದು ದಾರಿಗಳಲ್ಲಿ ಮೂರು ಹೊರಗೇ ಉಳಿಯುತ್ತವೆ. ಚಿಂಚೋಳಿಯ ತಾಂಡಾದ ಹೆಂಗಸಿಗೆ ಈ ಅಳತೆಗೋಲಿನಿಂದ ಆಗಬೇಕಾದದ್ದೇನೂ ಇಲ್ಲ, ನಿಜ. ಆದರೆ ಓದಲು ಹಣ ಮತ್ತು ವಯಸ್ಸು ಎರಡನ್ನೂ ಹಾಕುವವರು ತಿಳಿದಿರಬೇಕು.

ಯಾವುದನ್ನು ಹಿಡಿದು ಅಳೆಯಬೇಕು

ಮೊದಲು ನೋಡಬೇಕಾದದ್ದು ಪ್ರವೇಶದ ಅರ್ಹತೆ. ಜಿಎನ್‌ಎಂ ಮಾಡಿದವರಿಗೂ ಬಿಎಸ್ಸಿ ಮಾಡಿದವರಿಗೂ ತೆರೆದಿರುವ ಬಾಗಿಲುಗಳು ಒಂದೇ ಅಲ್ಲ. ಎರಡನೆಯದು ಸಂಬಳವಿಲ್ಲದ ವರ್ಷಗಳು. ಶುಲ್ಕವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಓದುವ ಕಾಲದಲ್ಲಿ ಕೈತಪ್ಪುವ ದುಡಿಮೆಯನ್ನು ಹೆಚ್ಚಿನವರು ಹಾಕುವುದಿಲ್ಲ. ತಿಂಗಳ ಸಂಬಳವನ್ನು ಇಪ್ಪತ್ನಾಲ್ಕರಿಂದ ಗುಣಿಸಿ ಒಂದು ಕಾಗದದ ಮೇಲೆ ಬರೆದು ನೋಡಿದರೆ, ಎರಡು ವರ್ಷದ ಕೋರ್ಸ್‌ನ ನಿಜವಾದ ಬೆಲೆ ಎಷ್ಟೋ ಸಲ ಕಾಲೇಜಿನ ಶುಲ್ಕಕ್ಕಿಂತ ಹೆಚ್ಚಾಗಿರುತ್ತದೆ.

ಮೂರನೆಯದು ಅಧಿಕಾರ. ಕಲಿತ ಮೇಲೆ ವೈದ್ಯರ ಸಹಿಗೆ ಕಾಯದೆ ನೀವೇನು ಮಾಡಬಹುದು? ಈ ಪ್ರಶ್ನೆಯನ್ನು ಪ್ರವೇಶ ಕೊಡುವ ಸಂಸ್ಥೆಗೆ ಕೇಳಿದರೆ ಬಹುಪಾಲು ಕಡೆ ಪಠ್ಯಕ್ರಮ ತೋರಿಸುತ್ತಾರೆ. ಪಠ್ಯಕ್ರಮದಲ್ಲಿ ಇರುವುದಕ್ಕೂ ವಾರ್ಡಿನಲ್ಲಿ ಮಾಡಲು ಬಿಡುವುದಕ್ಕೂ ಅಜಗಜಾಂತರ. ನಾಲ್ಕನೆಯದು ಹುದ್ದೆ. ಆ ಹೆಸರಿನ ಮಂಜೂರಾದ ಹುದ್ದೆ ಸರ್ಕಾರದ ವೃಂದದಲ್ಲಿ ಇದೆಯೇ, ಇದ್ದರೆ ಅದು ಕಾಯಮ್ಮೋ ಗುತ್ತಿಗೆಯೋ ಎಂದು ಕೇಳಬೇಕು. ನಮ್ಮ ಭಾಗದವರಿಗೆ ಇಲ್ಲಿ ಇನ್ನೊಂದು ಎಳೆಯೂ ಇದೆ: ಸಂವಿಧಾನದ 371(ಜೆ) ವಿಧಿಯ ಅಡಿ 2013ರಿಂದ ಕಲ್ಯಾಣ ಕರ್ನಾಟಕದ ಗ್ರೂಪ್ 'ಬಿ' ಹುದ್ದೆಗಳಲ್ಲಿ ಶೇಕಡಾ 75, ಗ್ರೂಪ್ 'ಸಿ' ಹುದ್ದೆಗಳಲ್ಲಿ ಶೇಕಡಾ 80ರಷ್ಟು ಸ್ಥಳೀಯರಿಗೆ ಮೀಸಲು, ಈ ಭಾಗದ ವಿದ್ಯಾಸಂಸ್ಥೆಗಳ ಸೀಟುಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8. ಓದಲು ಬೆಂಗಳೂರಿಗೆ ಹೋಗುವವರಿಗೂ ಇದು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಬಹಳ ಮಂದಿ ಮರೆತಿರುತ್ತಾರೆ.

ಕೊನೆಯ ಅಳತೆಯನ್ನು ಕೋರ್ಸ್‌ನ ಜಾಹೀರಾತುಗಳಲ್ಲಿ ನಾನು ಕಂಡಿಲ್ಲ: ನಿಮ್ಮ ಕಲಿಕೆಯಿಂದ ಚಿಕಿತ್ಸೆ ಯಾರ ಮನೆಗೆ ಎಷ್ಟು ಹತ್ತಿರ ಬರುತ್ತದೆ? ನಮ್ಮ ಮೂರು ಜಿಲ್ಲೆಗಳಲ್ಲಿ ರೋಗಿಗಳು ನಡೆಯುವ ದಾರಿಯೇ ವಿಚಿತ್ರ. ಆಳಂದದವರು ಸೊಲ್ಲಾಪುರಕ್ಕೆ, ಬೀದರಿನವರು ಹೈದರಾಬಾದಿಗೆ, ಕುಂಚಾವರಂ ಕಡೆಯವರು ತಾಂಡೂರಿಗೆ, ಜಹೀರಾಬಾದಿಗೆ ಹೋಗುತ್ತಾರೆ. ಯಾದಗಿರಿಯಲ್ಲಿ ಗುಳೆ ಹೋದ ಕುಟುಂಬದ ಬಸುರಿಯ ತಾಯಿ ಕಾರ್ಡ್ ಒಂದೂರಲ್ಲಿ, ಹೆರಿಗೆ ಇನ್ನೊಂದೂರಲ್ಲಿ. ಕಾಸಿದ್ದವರು ಊರು ದಾಟಿ ಹೋಗುತ್ತಾರೆ, ಇಲ್ಲದವರು ಕಾಯುತ್ತಾರೆ. ಆ ಕಾಯುವಿಕೆಯನ್ನು ಕಡಿಮೆ ಮಾಡುವ ಕೆಲಸ ನಿಮಗೆ ಬೇಕೋ, ದೊಡ್ಡಾಸ್ಪತ್ರೆಯ ಕೆಲಸ ಬೇಕೋ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಎರಡರಲ್ಲಿ ಒಂದು ಮೇಲು, ಒಂದು ಕೀಳು ಎಂದು ನಾನು ಹೇಳುತ್ತಿಲ್ಲ.

ಸಮುದಾಯ ಆರೋಗ್ಯ ಅಧಿಕಾರಿ

ಎಲ್ಲರೂ ಸಿಎಚ್‌ಒ ಎಂದೇ ಕರೆಯುವ ಈ ಹುದ್ದೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ ಯೋಜನೆಯ ಜೊತೆ ಬಂದದ್ದು. ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೊಂದು ಎಂಬ ಲೆಕ್ಕದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ, ಈಗಿನ ಹೆಸರಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳನ್ನಾಗಿ ಮಾಡಿ, ಒಂದೊಂದಕ್ಕೂ ಒಬ್ಬ ಸಿಎಚ್‌ಒ ಕೊಡುವುದು ಇದರ ಲೆಕ್ಕಾಚಾರ. ಜಿಎನ್‌ಎಂ ಅಥವಾ ಬಿಎಸ್ಸಿ ಆದವರು ಆರು ತಿಂಗಳ ಸಮುದಾಯ ಆರೋಗ್ಯದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದರೆ ಸಾಕು. ಆ ಪಾಠವನ್ನು ಒಳಗೊಂಡ ಹೊಸ ಪಠ್ಯಕ್ರಮದಲ್ಲಿ ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದವರಿಗೆ ಅದೂ ಬೇಕಿಲ್ಲ. ಸಂಬಳವಿಲ್ಲದ ಕಾಲದ ಲೆಕ್ಕದಲ್ಲಿ ಐದು ದಾರಿಗಳಲ್ಲಿ ಇದೇ ಅಗ್ಗದ್ದು.

ಕೆಲಸದ ಹರವು ದೊಡ್ಡದು. ಬಾಣಂತಿ, ಕೂಸಿನ ಆರೈಕೆಯಿಂದ ಹಿಡಿದು ಬಿ.ಪಿ., ಸಕ್ಕರೆ ಕಾಯಿಲೆ, ಕಣ್ಣು, ಹಲ್ಲು, ಮುದಿವಯಸ್ಸಿನ ಆರೈಕೆ, ಮಾನಸಿಕ ಆರೋಗ್ಯದವರೆಗೆ ಒಟ್ಟು 12 ಬಗೆಯ ಸೇವೆ ಆ ಎರಡು ಕೋಣೆಯ ಕಟ್ಟಡದಿಂದ ಸಿಗಬೇಕು. ಮೂವತ್ತು ದಾಟಿದ ಪ್ರತಿಯೊಬ್ಬರನ್ನೂ ಆಶಾ ಕಾರ್ಯಕರ್ತೆಯ ಜೊತೆಗೂಡಿ ತಪಾಸಣೆಗೆ ತರುವುದು ದಿನನಿತ್ಯದ ಕೆಲಸ.

ಕಳೆದ ಮಳೆಗಾಲದಲ್ಲಿ ಚಿಂಚೋಳಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಅರ್ಧ ದಿನ ಕುಳಿತಿದ್ದೆ. ಅಲ್ಲಿಯ ಸಿಎಚ್‌ಒ ನನ್ನ ವಿದ್ಯಾರ್ಥಿನಿ. ತಾಂಡಾದಿಂದ ಬಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ, ಖಾಲಿಯಾದ ಗುಳಿಗೆಯ ಹಾಳೆಯನ್ನು ಮೇಜಿನ ಮೇಲಿಟ್ಟರು. "ಬಿ.ಪಿ. ಗುಳಿಗಿ ತೀರ್ಯಾವ ನರ್ಸಬಾಯಾರ. ಕಲಬುರ್ಗಿ ದವಾಖಾನಿಗಿ ಹೋಗಬೇಕಂದ್ರ ಒಂದಿನದ ಕೂಲಿ ಹೋಗ್ತದ, ಬಸ್ಸಿನ ತ್ರಾಸ ಬ್ಯಾರೆ." ಪಟ್ಟಿ ಸುತ್ತಿ ನೋಡಿದರೆ 172/104. ಹತ್ತು ನಿಮಿಷ ಕೂಡಿಸಿ ಮತ್ತೆ ನೋಡಿದರೂ ಹೆಚ್ಚು ಇಳಿಯಲಿಲ್ಲ. ದಿನಕ್ಕೊಂದು 5 ಮಿಲಿಗ್ರಾಂ ಆಮ್ಲೋಡಿಪಿನ್ ಸಾಲುತ್ತಿಲ್ಲ ಎಂಬುದು ನನ್ನ ಹುಡುಗಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಪ್ರಮಾಣ ಬದಲಿಸುವ ಅಧಿಕಾರ ಅವಳಿಗಿಲ್ಲ. ಇ-ಸಂಜೀವನಿ ಎಂಬ ಸರ್ಕಾರದ ದೂರವೈದ್ಯ ಸೇವೆಯಲ್ಲಿ ವೈದ್ಯರನ್ನು ಹಿಡಿಯಲು ಹೋದಳು. ನೆಟ್‌ವರ್ಕ್ ಹಾವು ಏಣಿ ಆಡಿತು. ಮೂರನೆಯ ಸಲ ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಮಾತಾಡಿ, ಹೊಸ ಪ್ರಮಾಣ ಬರೆಸಿಕೊಂಡು, ಕಾಗದದ ಪೊಟ್ಟಣದ ಮೇಲೆ ಸೂರ್ಯನ ಚಿತ್ರ ಬಿಡಿಸಿ ಕೊಟ್ಟಳು. ಒಟ್ಟು ಐವತ್ತು ನಿಮಿಷ. ಆ ಹೆಂಗಸಿನ ಕೂಲಿ ಉಳಿಯಿತು.

ಈ ಹುದ್ದೆಯ ಬಲವೂ ಕೊರತೆಯೂ ಆ ಐವತ್ತು ನಿಮಿಷದಲ್ಲಿವೆ. ರೋಗಿಗೆ ಹತ್ತಿರವಾಗುವ ಲೆಕ್ಕದಲ್ಲಿ ಸಿಎಚ್‌ಒಗೆ ಸಾಟಿಯಿಲ್ಲ. ಅಧಿಕಾರದ ಲೆಕ್ಕದಲ್ಲಿ ಕೈ ಕಟ್ಟಿದಂತೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಕಲಮು ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿ ಕೊಡಲು, ಪ್ರಾಥಮಿಕ ಮತ್ತು ರೋಗ ತಡೆಯುವ ಆರೈಕೆಯಲ್ಲಿ ಗೊತ್ತುಪಡಿಸಿದ ಔಷಧಿಗಳನ್ನು ಅವರೇ ಬರೆಯಲು ಅವಕಾಶ ಕಲ್ಪಿಸಿತು. ವೈದ್ಯರ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದವು. ಕಾಯ್ದೆಯ ಸಾಲು ಉಪಕೇಂದ್ರದ ಮೇಜಿನವರೆಗೆ ಬಂದದ್ದನ್ನು ನಾನಂತೂ ನೋಡಿಲ್ಲ. ವೈದ್ಯರ ಆತಂಕವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಆರು ತಿಂಗಳ ತರಬೇತಿ ಎಲ್ಲಕ್ಕೂ ಸಾಲದು. ಆದರೆ ಈಗಾಗಲೇ ಗೊತ್ತಾದ ರೋಗಕ್ಕೆ ಬರೆದಿಟ್ಟ ನಿಯಮದಂತೆ ಗುಳಿಗೆ ಹೆಚ್ಚಿಸಲು ಬೇವಿನ ಗಿಡದ ಕೆಳಗೆ ನಿಲ್ಲಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ನೇಮಕಾತಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿ, ಗುತ್ತಿಗೆಯ ಮೇಲೆ. ಸಂಬಳದಲ್ಲಿ ಎರಡು ಪಾಲು: ನಿಗದಿತ ಮೊತ್ತ ಒಂದು, ಕೆಲಸದ ಗುರಿ ಮುಟ್ಟಿದರೆ ಸಿಗುವ ಪ್ರೋತ್ಸಾಹಧನ ಇನ್ನೊಂದು, ಎರಡನೆಯದು ಕೇಂದ್ರದ ಮಾರ್ಗಸೂಚಿಯಂತೆ ತಿಂಗಳಿಗೆ 15,000 ರೂಪಾಯಿವರೆಗೆ ಇರಬಹುದು. ಮನೆ ಸಾಲ, ಮಕ್ಕಳ ಶುಲ್ಕದಂಥ ಲೆಕ್ಕವನ್ನು ನಿಗದಿತ ಪಾಲಿನ ಮೇಲೆ ಮಾತ್ರ ಹಾಕಿಕೊಳ್ಳಿ. ಪಿಂಚಣಿಯಿಲ್ಲ. ಊರಲ್ಲಿ ವಾಸಕ್ಕೆ ಮನೆ ಸಿಗುತ್ತದೆಯೇ, ರಾತ್ರಿ ಯಾರಾದರೂ ಬಾಗಿಲು ಬಡಿದರೆ ಜೊತೆಗಿರುವವರು ಯಾರು ಎಂಬುದನ್ನು ಆಯ್ಕೆಯ ಕೌನ್ಸೆಲಿಂಗ್‌ಗೆ ಮುನ್ನವೇ ಹೋಗಿ ನೋಡಿಬನ್ನಿ. ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ ಇದು ಸಂಬಳಕ್ಕಿಂತ ದೊಡ್ಡ ಪ್ರಶ್ನೆ.

ಮಿಡ್‌ವೈಫರಿಯ ನರ್ಸ್ ಪ್ರಾಕ್ಟೀಷನರ್

ನನ್ನ ಒಲವು ಈ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಅಷ್ಟನ್ನು ಕಳೆದು ಓದಿಕೊಳ್ಳಲಿ. ಕಾರಣ ಒಂದು ರಾತ್ರಿ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನನ್ನದು ಒಬ್ಬಳದೇ ಪಾಳಿ. ನಾಲ್ಕನೆಯ ಹೆರಿಗೆಯ ತಾಯಿ, ಕೂಸು ಸುಸೂತ್ರವಾಗಿ ಬಂತು, ಕಸವೂ (ಮಾಸು) ಬಿತ್ತು, ಆಮೇಲೆ ರಕ್ತ ನಿಲ್ಲಲಿಲ್ಲ. ಆಕ್ಸಿಟೋಸಿನ್ ಕೊಟ್ಟೆ, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ತಿಕ್ಕಿದೆ, ಸಲೈನ್ ಹಚ್ಚಿದೆ. ಮುಂದಿನ ಹೆಜ್ಜೆ ಏನೆಂದು ಪುಸ್ತಕದಲ್ಲಿ ಓದಿದ್ದೆ. ಕೈಯಾರೆ ಮಾಡಿ ಕಲಿತಿರಲಿಲ್ಲ, ಮಾಡಲು ಯಾರ ಅನುಮತಿಯೂ ಇರಲಿಲ್ಲ. ಕರ್ತವ್ಯದ ವೈದ್ಯರು ಬೇರೆ ಊರಿನಲ್ಲಿದ್ದರು. 108ರ ಗಾಡಿ ಬಂದು, ಕಲಬುರಗಿ ಮುಟ್ಟುವ ಹೊತ್ತಿಗೆ ಬೆಳಕು ಹರಿದಿತ್ತು. ತಾಯಿ ಉಳಿದರು, ಗರ್ಭಕೋಶ ತೆಗೆಯಬೇಕಾಯಿತು.

ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಈ ಅಂತರವನ್ನೇ ತುಂಬಲು ಹೊರಟದ್ದು. ಜಿಎನ್‌ಎಂ ಅಥವಾ ಬಿಎಸ್ಸಿ ಆಗಿ ಹೆರಿಗೆಗಳಲ್ಲಿ ಎರಡು ವರ್ಷ ಕೈಪಳಗಿದ ನರ್ಸ್‌ಗಳಿಗೆ 18 ತಿಂಗಳ ತರಬೇತಿ, ಅಂತರರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟದ ಮಾನದಂಡಕ್ಕೆ ಸರಿಯಾಗಿ. ಬಳಿಕ ಹೆಚ್ಚು ಹೆರಿಗೆಯಾಗುವ ಆಸ್ಪತ್ರೆಗಳಲ್ಲಿ ಮಿಡ್‌ವೈಫ್‌ಗಳೇ ನಡೆಸುವ ಘಟಕ, ಪಕ್ಕದಲ್ಲೇ ಸ್ತ್ರೀರೋಗ ತಜ್ಞರ ಘಟಕ. ತೊಂದರೆಯಿಲ್ಲದ ಬಸುರಿಯನ್ನು ಮಿಡ್‌ವೈಫ್ ಕೊನೆಯವರೆಗೆ ನೋಡಿಕೊಳ್ಳುತ್ತಾಳೆ, ತೊಂದರೆಯ ಸುಳಿವು ಕಂಡೊಡನೆ ತಜ್ಞರಿಗೆ ಒಪ್ಪಿಸುತ್ತಾಳೆ. ಸೂಲಗಿತ್ತಿಯ ನೆನಪು ಇನ್ನೂ ಹಸಿಯಾಗಿರುವ ನಮ್ಮ ಹಳ್ಳಿಗಳಲ್ಲಿ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಗಡಿಯಾಚೆ ಏನಾಗಿದೆ ಎಂಬುದನ್ನು ನೋಡುವುದು ಒಳ್ಳೆಯದು. ತೆಲಂಗಾಣ 2017ರಲ್ಲೇ ಕರೀಂನಗರದ ಸರ್ಕಾರಿ ಆಸ್ಪತ್ರೆಯಲ್ಲಿ 30 ನರ್ಸ್‌ಗಳಿಗೆ ಇಂಥ ತರಬೇತಿ ಆರಂಭಿಸಿತು. ಹೈದರಾಬಾದಿನ ಫರ್ನಾಂಡಿಸ್ ಫೌಂಡೇಶನ್ ಅದಕ್ಕೆ ಕೈಜೋಡಿಸಿತ್ತು. ಅಲ್ಲಿಯ ಒತ್ತಡ ಬೇರೆ: ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತೆಲಂಗಾಣದಲ್ಲಿ ಶೇಕಡಾ 60.7ರಷ್ಟು ಹೆರಿಗೆಗಳು ಸಿಸೇರಿಯನ್, ಕರ್ನಾಟಕದಲ್ಲಿ ಶೇಕಡಾ 31.5. ನಮ್ಮ ಚಿಂತೆ ಇನ್ನೊಂದು ತುದಿಯದು. 2018-20ರ ಅಂಕಿಯಂತೆ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ಬೇಡದ ಕಡೆ ಕೊಯ್ಯುವುದನ್ನು ತಡೆಯಲೂ, ಬೇಕಾದ ಕಡೆ ಹೊತ್ತಿಗೆ ಸರಿಯಾಗಿ ಕಳಿಸಲೂ ಹೆರಿಗೆಯ ಪಕ್ಕದಲ್ಲೇ ಕುಳಿತ ಒಬ್ಬ ಬಲ್ಲವಳು ಬೇಕು.

ತೊಡಕುಗಳೂ ಇವೆ. ಇದು ಅರ್ಜಿ ಹಾಕಿ, ಶುಲ್ಕ ಕಟ್ಟಿ ಸೇರುವ ಕೋರ್ಸ್‌ನಂತೆ ಬೆಳೆದದ್ದಲ್ಲ. ಮುಖ್ಯವಾಗಿ ಸರ್ಕಾರಿ ಸೇವೆಯಲ್ಲಿರುವವರನ್ನು ಆರಿಸಿ ಕಳಿಸುವ ವ್ಯವಸ್ಥೆ. ಹೀಗಾಗಿ ಖಾಸಗಿಯಲ್ಲಿ ಇರುವವರಿಗೆ ಬಾಗಿಲು ಕಿರಿದು. ತರಬೇತಿಯ ಕೇಂದ್ರ ನಮ್ಮ ಜಿಲ್ಲೆಗಳಿಂದ ದೂರವಿರಬಹುದು, ಹದಿನೆಂಟು ತಿಂಗಳು ಮನೆ ಬಿಟ್ಟಿರಬೇಕು. ಸೇವಾನಿರತರಿಗೆ ಸಂಬಳ ನಿಲ್ಲದಿದ್ದರೆ ಬೆಲೆ ಕಡಿಮೆ, ಆದರೆ ಮರಳಿ ಬಂದ ಮೇಲೆ ಇಷ್ಟು ವರ್ಷ ಸೇವೆ ಸಲ್ಲಿಸಬೇಕೆಂಬ ಒಪ್ಪಂದವನ್ನು ಓದಿ ಸಹಿ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ತರಬೇತಿ ಮುಗಿಸಿ ಬಂದವಳನ್ನು ಹೆರಿಗೆ ಕೋಣೆಯಿಂದ ತೆಗೆದು ಪುರುಷರ ವಾರ್ಡಿಗೋ ಲಸಿಕೆಯ ಲೆಕ್ಕಕ್ಕೋ ಹಾಕುವುದು. ಹಾಗೆ ಮಾಡಬಾರದೆಂದು ಮಾರ್ಗಸೂಚಿ ಹೇಳಬಹುದು. ಪಾಳಿಯ ಪಟ್ಟಿ ಬರೆಯುವವರ ಕೈ ಬೇರೆ ಇರುತ್ತದೆ.

ಕ್ರಿಟಿಕಲ್ ಕೇರ್‌ನ ನರ್ಸ್ ಪ್ರಾಕ್ಟೀಷನರ್

ಅಂತರರಾಷ್ಟ್ರೀಯ ಅಳತೆಗೋಲಿಗೆ ಸರಿಹೊಂದುವ ನಮ್ಮ ದೇಶದ ಕೋರ್ಸ್ ಇದು: ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ. ಬಿಎಸ್ಸಿ ಮತ್ತು ಒಂದು ವರ್ಷದ ವಾರ್ಡಿನ ಅನುಭವ ಬೇಕು. ಐಸಿಯು ಅನುಭವವಿದ್ದರೆ ಇನ್ನೂ ಒಳ್ಳೆಯದು. ಜಿಎನ್‌ಎಂ ಮಾತ್ರ ಇರುವವರಿಗೆ ನೇರ ಪ್ರವೇಶವಿಲ್ಲ. ತರಗತಿಯಲ್ಲಿ ಕೂಡುವ ಹೊತ್ತು ಕಡಿಮೆ, ರೋಗಿಯ ಬಳಿ ಇರುವ ಹೊತ್ತೇ ಹೆಚ್ಚು. ವೆಂಟಿಲೇಟರ್ ಹೊಂದಿಸುವುದು, ರಕ್ತದ ಅನಿಲ ಪರೀಕ್ಷೆಯ ಅಂಕಿ ಓದುವುದು, ಹೃದಯ ಬಡಿತ ತಪ್ಪಿದಾಗ ಏನು ಕೊಡಬೇಕೆಂದು ನಿರ್ಧರಿಸುವುದು, ಇವನ್ನು ಆಸ್ಪತ್ರೆ ಒಪ್ಪಿದ ಲಿಖಿತ ನಿಯಮಗಳ ಅಡಿಯಲ್ಲಿ ಮಾಡಲು ಕಲಿಸುತ್ತಾರೆ. ಓದಿನ ಗುಣದಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ.

ಹುದ್ದೆಯ ಲೆಕ್ಕಕ್ಕೆ ಬಂದರೆ ಚಿತ್ರ ಮಸುಕು. ಕೋರ್ಸ್ ಮೊದಲು ಬಂದು, ಹುದ್ದೆ ಹಿಂದೆ ಬಿದ್ದ ಉದಾಹರಣೆ ಇದು. ಮುಗಿಸಿದವರಲ್ಲಿ ನನಗೆ ಗೊತ್ತಿರುವ ಇಬ್ಬರು ಒಳ್ಳೆಯ ಆಸ್ಪತ್ರೆಗಳಲ್ಲೇ ಇದ್ದಾರೆ, ಆದರೆ ಒಬ್ಬಳ ಎದೆಯ ಮೇಲಿನ ಚೀಟಿಯಲ್ಲಿ ಇವತ್ತಿಗೂ ಸ್ಟಾಫ್ ನರ್ಸ್ ಎಂದೇ ಇದೆ. ನಮ್ಮ ಭಾಗದಲ್ಲಿ ಗಂಭೀರ ರೋಗಿಗಳ ಹಾಸಿಗೆಗಳು ಹೆಚ್ಚುತ್ತಿವೆ ಎಂಬುದು ಸುಳ್ಳಲ್ಲ: ಕಲಬುರಗಿಯ ಜಿಮ್ಸ್, ಇಎಸ್‌ಐಸಿ, ಬೀದರಿನ ಬ್ರಿಮ್ಸ್, ಯಾದಗಿರಿಯ ಹೊಸ ವೈದ್ಯಕೀಯ ಕಾಲೇಜುಗಳ ಜೊತೆಗೆ 2024ರ ಡಿಸೆಂಬರ್‌ನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಕಟ್ಟಡವೂ ತೆರೆಯಿತು, ಹಾಸಿಗೆಯ ಸಂಖ್ಯೆ 371(ಜೆ) ವಿಧಿಯನ್ನು ನೆನಪಿಸುತ್ತದೆ. ಹಾಸಿಗೆ ಇದ್ದಲ್ಲಿ ನುರಿತ ಕೈ ಬೇಕೇ ಬೇಕು. ಆದರೆ "ಬೇಕು" ಎಂಬುದಕ್ಕೂ "ಮಂಜೂರಾಗಿದೆ" ಎಂಬುದಕ್ಕೂ ನಡುವೆ ವರ್ಷಗಟ್ಟಲೆ ಕಡತ ಓಡಾಡುತ್ತದೆ. ಖಾಸಗಿ ಕಾಲೇಜಿನಲ್ಲಿ ಸಾಲ ಮಾಡಿ ಸೇರುವವರು ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ: ರೆಸಿಡೆನ್ಸಿ ಕಾಲದಲ್ಲಿ ಸ್ಟೈಪೆಂಡ್ ಎಷ್ಟು, ಹಿಂದಿನ ತಂಡದವರು ಈಗ ಯಾವ ಹೆಸರಿನ ಹುದ್ದೆಯಲ್ಲಿದ್ದಾರೆ.

ಉಳಿದೆರಡು

ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನವಜಾತ ಶಿಶು, ಕ್ಯಾನ್ಸರ್, ಮನೋರೋಗ, ಶಸ್ತ್ರಚಿಕಿತ್ಸಾ ಕೊಠಡಿ, ತುರ್ತು ಚಿಕಿತ್ಸೆ ಹೀಗೆ ವಿಭಾಗಗಳಿವೆ. ಜಿಎನ್‌ಎಂ ಆದವರೂ ಸೇರಬಹುದು. ಹೊಸ ಅಧಿಕಾರ ಬರುವುದಿಲ್ಲ, ಕೈಗುಣ ಬರುತ್ತದೆ. ಈಗಾಗಲೇ ಅದೇ ವಿಭಾಗದಲ್ಲಿ ಇದ್ದು, ಅಲ್ಲೇ ಮುಂದುವರಿಯುವ ಮನಸ್ಸಿದ್ದವರಿಗೆ, ಅದರಲ್ಲೂ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಇರುವವರಿಗೆ ಇದು ಖರ್ಚಿಗೆ ತಕ್ಕ ಓದು.

ಎಂಎಸ್ಸಿ ಎರಡು ವರ್ಷ. ಬಿಎಸ್ಸಿ ಆಗಿ ಒಂದು ವರ್ಷ ಕೆಲಸ ಮಾಡಿರಬೇಕು. ಜಿಎನ್‌ಎಂ ಆದವರು ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ದಾಟಬೇಕಾದ್ದರಿಂದ ಅವರಿಗೆ ಒಟ್ಟು ನಾಲ್ಕು ವರ್ಷದ ಓದು. ಸಾಮಾನ್ಯವಾಗಿ ಇದು ಬೋಧಕರ ಕುರ್ಚಿಗೆ ಒಯ್ಯುತ್ತದೆ. ಕಾಲೇಜುಗಳು ಹೆಚ್ಚಿದಂತೆ ಬೇಡಿಕೆಯೂ ಇದೆ, ಹಗಲು ಪಾಳಿ, ಭಾನುವಾರ ರಜೆ. ನಾನು ಆ ಕುರ್ಚಿಯಲ್ಲೇ ಕುಳಿತು ಬರೆಯುತ್ತಿರುವುದರಿಂದ ಅದನ್ನು ಹಗುರ ಮಾಡುವ ಹಕ್ಕು ನನಗಿಲ್ಲ. ಆದರೂ ಒಂದು ಮಾತು: ಎಂಎಸ್ಸಿ ಮಾಡಿದವರನ್ನು ರೋಗಿಯ ಬಳಿ ಉಳಿಸಿಕೊಳ್ಳುವ ಹುದ್ದೆ ಅಪರೂಪವಾದ್ದರಿಂದ, ಹೆಚ್ಚು ಕಲಿತಷ್ಟೂ ರೋಗಿಯಿಂದ ದೂರವಾಗುವ ವಿಪರ್ಯಾಸ ನಮ್ಮ ವೃತ್ತಿಯಲ್ಲಿ ಇದೆ. ಸಮುದಾಯ ಆರೋಗ್ಯ ವಿಷಯ ಆರಿಸಿದವರೂ ಹಳ್ಳಿಗೆ ಹೋಗುವುದು ವಿದ್ಯಾರ್ಥಿಗಳ ಜೊತೆ, ಸಮೀಕ್ಷೆಯ ಹದಿನೈದು ದಿನ ಮಾತ್ರ.

ವಿದೇಶದ ಕನಸಿರುವವರು ತಿಳಿದಿರಲಿ: ಈ ಯಾವ ಕೋರ್ಸ್ ಕೂಡ ಅಲ್ಲಿಯ ನೋಂದಣಿಯ ಪರೀಕ್ಷೆಯನ್ನು ತಪ್ಪಿಸುವುದಿಲ್ಲ. ಅವರಿಗೆ ಭಾಷೆಯ ಪರೀಕ್ಷೆ ಮತ್ತು ಎರಡು ವರ್ಷದ ಒಳ್ಳೆಯ ವಾರ್ಡ್ ಅನುಭವ ಹೆಚ್ಚು ಕೆಲಸಕ್ಕೆ ಬರುತ್ತವೆ.

ಮೂವರಿಗೆ ನಾನು ಹೇಳಿದ್ದು

ಶಹಾಪುರದವಳ ಮನೆಯಲ್ಲಿ ಅತ್ತೆಗೆ ಪಾರ್ಶ್ವವಾಯು, ಗಂಡನಿಗೆ ಮೂರು ಎಕರೆ ತೊಗರಿ ಹೊಲ. ನಾಲ್ಕು ವರ್ಷ ಓದುವ ಮಾತು ಅಲ್ಲಿಗೆ ಹೊಂದುವುದಿಲ್ಲ. ಸಿಎಚ್‌ಒ ಅರ್ಜಿ ಹಾಕು, ಜೊತೆಗೇ ಶುಶ್ರೂಷಾಧಿಕಾರಿ ನೇಮಕಾತಿಯ ಪರೀಕ್ಷೆಗೆ ಓದುವುದನ್ನು ಬಿಡಬೇಡ ಎಂದೆ. ಗುತ್ತಿಗೆಯನ್ನು ಕೊನೆಯ ನಿಲ್ದಾಣ ಎಂದುಕೊಂಡವರು ಕೊರಗುತ್ತಾರೆ. ಕಾಯಂ ಹುದ್ದೆ ಸಿಗುವ ತನಕದ ಕೆಲಸ ಎಂದುಕೊಂಡವರು ಅಲ್ಲಿ ಕಲಿಯುತ್ತಾರೆ. ಅವಳಿಗೆ ದಖನಿಯೂ ಬರುತ್ತದೆ, ಲಂಬಾಣಿಯೂ ಅಷ್ಟಿಷ್ಟು ತಿಳಿಯುತ್ತದೆ. ಅರ್ಜಿಯ ಯಾವ ಕಾಲಮ್ಮಿನಲ್ಲೂ ಇದಕ್ಕೆ ಅಂಕವಿಲ್ಲ, ಉಪಕೇಂದ್ರದಲ್ಲಿ ಮಾತ್ರ ದಿನಾ ಉಪಯೋಗ.

ಔರಾದ ಹುಡುಗಿಯ ಜೊತೆ ಮಾತು ಉದ್ದವಾಯಿತು. ಅವಳಿಗೆ ವೆಂಟಿಲೇಟರ್ ಎಂದರೆ ಪ್ರೀತಿ, ನಾನು ತಡೆಯಲಿಲ್ಲ. ಸರ್ಕಾರಿ ಅಥವಾ ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಸೀಟು ಸಿಕ್ಕರೆ ಕ್ರಿಟಿಕಲ್ ಕೇರ್ ರೆಸಿಡೆನ್ಸಿ ಸೇರು. ಸಾಲ ಮಾಡಿ ಖಾಸಗಿಯಲ್ಲಿ ಮಾತ್ರ ಸಿಗುವುದಾದರೆ ಒಂದು ವರ್ಷ ತಡೆ ಎಂದೆ. ಮದುವೆಯ ಮಾತಿನಲ್ಲಿ ಗಂಡಿನ ಮನೆಯವರಿಗೆ ರೆಸಿಡೆನ್ಸಿಯೆಂದರೆ ರಾತ್ರಿ ಪಾಳಿ ಎಂದು ಈಗಲೇ ತಿಳಿಸು ಎಂದದ್ದಕ್ಕೆ, "ಅದೇ ದೊಡ್ಡ ಪರೀಕ್ಷಾ ಅದ ಮೇಡಂ" ಎಂದು ನಕ್ಕಳು.

ಹೆರಿಗೆ ಕೋಣೆಯ ಶುಶ್ರೂಷಾಧಿಕಾರಿಗೆ ಮಿಡ್‌ವೈಫರಿ ಬಿಟ್ಟು ಬೇರೆ ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ. ಅವರ ತೊಡಕು ಎಂಟನೇ ತರಗತಿಯ ಮಗ ಮತ್ತು ಹದಿನೆಂಟು ತಿಂಗಳ ಊರು ಬಿಡುವಿಕೆ. ಎಂಎಸ್ಸಿಗೆ ನಿಯೋಜನೆ ಸಿಕ್ಕರೆ ಬಡ್ತಿಗೆ ಅನುಕೂಲ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರಂತೆ. ಇರಬಹುದು. ಮಗನ ಹತ್ತನೇ ತರಗತಿ ಮುಗಿಯುವವರೆಗೆ ಕಾಯುವುದೂ ಒಂದು ಆಯ್ಕೆಯೇ, ಆದರೆ ತರಬೇತಿಗೆ ವಯಸ್ಸಿನ ಮಿತಿ ಇದೆಯೇ ಎಂದು ಈ ವರ್ಷದ ಸುತ್ತೋಲೆಯಲ್ಲೇ ನೋಡಿಕೊಳ್ಳಿ ಎಂದೆ.

ಯಾವ ದಾರಿ ಹಿಡಿದರೂ ಕೆಲವು ಕಾಗದಗಳನ್ನು ಈಗಲೇ ಜೋಡಿಸಿಡಬೇಕು. ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಿರಬೇಕು, ರಾಷ್ಟ್ರೀಯ ನೋಂದಣಿಯ ಗುರುತಿನ ಸಂಖ್ಯೆ ಕೈಯಲ್ಲಿರಬೇಕು. 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಕೊಡಬೇಕು. 2013ರ ಜನವರಿ 1ಕ್ಕೆ ಮುಂಚಿನ ಹತ್ತು ವರ್ಷದ ವಾಸ ತೋರಿಸಲು ತಂದೆ ಅಥವಾ ತಾಯಿಯ ದಾಖಲೆಗಳೂ ಬೇಕಾಗಬಹುದು, ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿಹೋಗುತ್ತದೆ. 1947ರ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರ ಹೊಸ ಆಯೋಗದ ಕಾಯ್ದೆ ಬಂದಿರುವ ಈ ಹೊತ್ತಿನಲ್ಲಿ, ಸೇರಲಿರುವ ಕೋರ್ಸ್‌ಗೆ ನೀವು ಸೇರುವ ವರ್ಷದ ಮಾನ್ಯತೆ ಇದೆಯೇ ಎಂಬ ಪತ್ರವನ್ನು ಕಾಲೇಜಿನಿಂದ ಕೇಳಿ ಪಡೆಯಿರಿ. ಖಾಸಗಿ ಆಸ್ಪತ್ರೆಯಲ್ಲಿ ಇರುವವರು ಅನುಭವ ಪತ್ರದಲ್ಲಿ ಯಾವ ವಿಭಾಗ, ಎಷ್ಟು ತಿಂಗಳು ಎಂದು ಬರೆಸಿಕೊಳ್ಳಿ. ಶಹಾಪುರದವಳ ಪತ್ರದಲ್ಲಿ ಆರು ವರ್ಷಕ್ಕೆ ಸೇರಿ "ಉತ್ತಮ ನಡತೆಯವರು" ಎಂಬ ಒಂದೇ ಸಾಲಿತ್ತು. ಹೆರಿಗೆ ಕೋಣೆಯಲ್ಲಿ ಕಳೆದ ಮೂರು ವರ್ಷವನ್ನು ಅದರಲ್ಲಿ ಸೇರಿಸಿಕೊಡಿ ಎಂದು ಕೇಳಲು ಅವಳು ಈ ಸೋಮವಾರ ಹೋಗುತ್ತಿದ್ದಾಳೆ.